ಹನ್ನೆರಡನೆಯ ಸಹಿ

ಎಡಗಡೆಯ ಕೋರೆಹಲ್ಲನ್ನು ಬಲಗಡೆಗೆ ಕೂರಿಸಿದ್ದು ಇಪ್ಪತ್ತು ವರ್ಷದ ಕೆಲಸದಲ್ಲಿ ಅವಳಿಗೆ ಅದೇ ಮೊದಲು. ಕೂರಿಸಿ, ಬುಡಕ್ಕೆ ಮೇಣ ತುಂಬಿ, ಬಿಸಿ ಚಾಕುವಿನಿಂದ ನಯ ಮಾಡಿ ಹಲ್ಲು ಕಟ್ಟುವ ಲ್ಯಾಬಿನ ಯಜಮಾನರ ಮೇಜಿನ ಮೇಲೆ ಇಟ್ಟೂ ಬಂದಿದ್ದಳು. ಅವರು ಕನ್ನಡಕ ಹಣೆಗೇರಿಸಿ ಆ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಹಾಕ್ಕೊಂಡೋರು ನಕ್ಕರೆ ಕನ್ನಡಿಯೊಳಗಿನ ಮನುಷ್ಯ ನಕ್ಕ ಹಾಗಿರುತ್ತಲ್ಲಮ್ಮ," ಎಂದರು. "ಏನಾಗಿದೆ ನಿನಗೆ?"

"ಏನಿಲ್ಲ ಸಾರ್. ಕಣ್ಣು ಸ್ವಲ್ಪ..."

"ಕಣ್ಣಲ್ಲ. ಮೂರು ದಿನದಿಂದ ನೋಡ್ತಿದೀನಿ, ಕೂತ ಕಡೆ ಕೂರ್ತಿಲ್ಲ. ನೀರು ಕುಡಿಯೋಕೆ ಏಳ್ತೀಯ, ಕುಡಿಯದೇ ಬರ್ತೀಯ."

ಅವಳು ಸೆಟ್ಟನ್ನು ಎತ್ತಿಕೊಂಡು ತನ್ನ ಬೆಂಚಿಗೆ ಬಂದಳು. ಬೆಂಚಿನ ಕೆಳಗಿನ ಖಾನೆಯಲ್ಲಿ ಈಗ ಯಾರೂ ಕೇಳದ ಬಣ್ಣದ ಹಲ್ಲುಗಳ ಡಬ್ಬವೊಂದಿತ್ತು. ಹಸಿರು ಬೆರೆತ ಹಳದಿ. ಯಾವ ಕಾಲದಲ್ಲಿ ಯಾರ ಬಾಯಿಗೆ ಒಪ್ಪುತ್ತಿತ್ತೋ. ಆ ಹಲ್ಲುಗಳ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ, ಅವಳ ಪಾಸ್‌ಪೋರ್ಟ್ ಇತ್ತು. ಈ ದೇಶದ್ದಲ್ಲ, ಇನ್ನೊಂದು ದೇಶದ್ದು.

ಅದು ಅಲ್ಲಿರುವುದು ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗಂಡನಿಗಂತೂ ಗೊತ್ತೇ ಇರಲಿಲ್ಲ.

ಅವಳ ತಾಯಿ ಮದುವೆಯಾದ ಹೊಸತರಲ್ಲಿ ನಾಲ್ಕು ವರ್ಷ ಆ ದೂರದ ದೇಶದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸಿದ್ದಳು. ಇವಳು ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ. ಎರಡು ತುಂಬುವ ಹೊತ್ತಿಗೆ ವಾಪಸು ಬಂದರು. ಅಲ್ಲಿ ಹುಟ್ಟಿದವರೆಲ್ಲ ಅಲ್ಲಿಯ ಪ್ರಜೆಗಳೇ ಎಂಬುದು ಆ ದೇಶದ ಕಾನೂನು. ಇವಳ ಮದುವೆಯ ಹಿಂದಿನ ದಿನ ತಾಯಿ ಹೊಸದಾಗಿ ಮಾಡಿಸಿದ ಪಾಸ್‌ಪೋರ್ಟನ್ನು ಕೈಗಿಟ್ಟು, "ಯಾರ ಕೈಗೂ ಕೊಡಬೇಡ. ಅವಧಿ ಮುಗಿಯೋಕೂ ಬಿಡಬೇಡ," ಎಂದಿದ್ದಳು. ಬೇರೇನೂ ಹೇಳಲಿಲ್ಲ. ಹತ್ತು ವರ್ಷಕ್ಕೊಮ್ಮೆ, ಎರಡು ಸಲ, ಪ್ಲಾಸ್ಟರ್ ಪುಡಿ ತರುವ ನೆಪದಲ್ಲಿ ದೊಡ್ಡ ಊರಿಗೆ ಹೋಗಿ ಇವಳು ಅದನ್ನು ಹೊಸದು ಮಾಡಿಸಿಕೊಂಡಿದ್ದಳು. ಹೆಂಡತಿ ಹೊರದೇಶದಲ್ಲಿ ಹುಟ್ಟಿದವಳೆಂದು ಗಂಡನಿಗೆ ಗೊತ್ತಿತ್ತು. ನೆಂಟರ ಮುಂದೆ "ನಮ್ಮದು ಫಾರಿನ್ ಮಾಲು" ಎಂದು ತಮಾಷೆ ಮಾಡುತ್ತಿದ್ದ. ಅದು ಅಲ್ಲಿಗೇ ಮುಗಿದ ಕಥೆ ಎಂದುಕೊಂಡಿದ್ದ.

ಈಗ ಆ ಕಥೆ ಬ್ಯಾಂಕಿನ ಬಾಗಿಲಲ್ಲಿ ಎದ್ದು ಕೂತಿತ್ತು.

ಅವರದು ಲಿಫ್ಟಿಲ್ಲದ ಹಳೇ ಕಟ್ಟಡ. ನಾಲ್ಕು ಅಂತಸ್ತು, ಅಂತಸ್ತಿಗೆ ಮೂರರಂತೆ ಹನ್ನೆರಡು ಮನೆ. ಮೇಲಿನ ಅಂತಸ್ತಿನ ಅಜ್ಜಿ ಮಂಡಿನೋವಿನಿಂದ ಎಂಟು ತಿಂಗಳಿಂದ ನೆಲ ಮುಟ್ಟಿರಲಿಲ್ಲ. ಮನೆಮನೆಯ ಹೆಂಗಸರು ಸೇರಿ ನಾಲ್ಕು ವರ್ಷ ತಿಂಗಳು ತಿಂಗಳು ದುಡ್ಡು ಹಾಕಿ ಲಿಫ್ಟಿಗೆಂದು ಕೂಡಿಟ್ಟಿದ್ದರು. ಸಂಘವೆಂದು ನೋಂದಾಯಿಸಲು ಹೋದರೆ ಹತ್ತು ಕಾಗದ, ಇಪ್ಪತ್ತು ಓಡಾಟ. "ಹಲ್ಲಕ್ಕನ ಹೆಸರಲ್ಲೇ ಇಟ್ಟುಬಿಡೋಣ. ಕೂದಲೆಳೆ ಆಚೀಚೆ ಆದ್ರೂ ನಿದ್ದೆ ಬರದ ಹೆಂಗಸು," ಎಂದು ಎಲ್ಲರೂ ಸೇರಿ ಅವಳೊಬ್ಬಳ ಹೆಸರಿನಲ್ಲಿ ಖಾತೆ ತೆರೆಸಿದ್ದರು. ಹಲ್ಲು ಕಟ್ಟುವವಳಾದ್ದರಿಂದ ಆ ಕಟ್ಟಡದಲ್ಲಿ ಅವಳ ಹೆಸರೇ ಹಲ್ಲಕ್ಕ.

ಕಳೆದ ತಿಂಗಳು ಬ್ಯಾಂಕಿನವರು ಖಾತೆದಾರರಿಗೆಲ್ಲ ಒಂದು ಫಾರಂ ಕೊಟ್ಟರು. ಹುಟ್ಟಿದ ಸ್ಥಳ ಎಂಬ ಗೆರೆಯಲ್ಲಿ ಅವಳು ಜೀವಮಾನವಿಡೀ ಅಪ್ಪನ ಊರನ್ನೇ ಬರೆದವಳು. ಶಾಲೆಯಲ್ಲಿ, ಮದುವೆಯ ನೋಂದಣಿಯಲ್ಲಿ, ತನ್ನ ಸ್ವಂತ ಉಳಿತಾಯದ ಪುಸ್ತಕದಲ್ಲಿ ಕೂಡ. ಆದರೆ ಈ ಫಾರಂನ ಕೊನೆಯಲ್ಲಿ 'ಮೇಲಿನದೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಎಂದಿತ್ತು, ಮತ್ತು ಖಾತೆಯಲ್ಲಿ ಇದ್ದದ್ದು ಹನ್ನೊಂದು ಬೇರೆ ಮನೆಗಳ ದುಡ್ಡು. ತನ್ನದೇ ದುಡ್ಡಾಗಿದ್ದರೆ ಸುಳ್ಳು ಬರೆದು ಬಂದಿರುತ್ತಿದ್ದಳು. ಇನ್ನೊಬ್ಬರ ದುಡ್ಡಿನ ಮೇಲೆ ಸುಳ್ಳು ಬರೆಯಲು ಕೈ ಏಳಲಿಲ್ಲ. ನಿಜ ಬರೆದಳು.

ಆ ನಿಜಕ್ಕೆ ಬಂದ ಉತ್ತರ ಮೂರು ದಿನದ ಹಿಂದಿನದು. ಖಾತೆಯನ್ನು ತಡೆಹಿಡಿಯಲಾಗಿದೆ. ಹುಟ್ಟಿದ ದೇಶಕ್ಕೆ ತೆರಿಗೆಯ ಲೆಕ್ಕ ಒಪ್ಪಿಸಿದ ರಸೀದಿ ತೋರಿಸಿದರೆ ಮಾತ್ರ ಬಿಡುಗಡೆ. ಲಿಫ್ಟಿನವನಿಗೆ ಮುಂಗಡ ಕೊಡಬೇಕಾದದ್ದು ಹದಿನೈದನೆಯ ತಾರೀಖು. ತಪ್ಪಿದರೆ ಅವನು ಆ ಯಂತ್ರವನ್ನು ಬೇರೆ ಕಟ್ಟಡಕ್ಕೆ ಕೊಡುತ್ತಾನೆ.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಗೆ ಹೋದಳು. ಅಲ್ಲಿ ಕೂರುವ ಟ್ಯಾಕ್ಸ್ ಸಲಹೆಗಾರ ಎರಡು ಕ್ಯಾಲ್ಕುಲೇಟರ್ ಇಟ್ಟುಕೊಂಡ ಸಣಕಲು ಮನುಷ್ಯ. ಒಂದರಲ್ಲಿ ಮಾಡಿದ ಲೆಕ್ಕವನ್ನು ಇನ್ನೊಂದರಲ್ಲಿ ಮಾಡಿ ನೋಡುವನು.

"ಆ ದೇಶದ ಪದ್ಧತಿಯೇ ಹಾಗೆ ಮೇಡಂ. ಪ್ರಜೆ ಭೂಮಿ ಮೇಲೆ ಎಲ್ಲಿದ್ರೂ ಪ್ರಜೆ. ವರ್ಷಾವರ್ಷ ಲೆಕ್ಕ ಒಪ್ಪಿಸ್ಬೇಕು. ನೀವು ಒಂದು ವರ್ಷಾನೂ ಒಪ್ಪಿಸಿಲ್ಲ."

"ನಾನು ಅಲ್ಲಿದ್ದದ್ದು ಎರಡು ವರ್ಷ. ಹಾಲುಹಲ್ಲು ಬರೋವಾಗ ಅಲ್ಲಿದ್ದೆ, ಅಷ್ಟೆ. ಅಲ್ಲಿಯ ರಸ್ತೆ ಹೇಗಿದೆ ಅಂತಾನೂ ಗೊತ್ತಿಲ್ಲ."

"ರಸ್ತೆಗಲ್ಲ ಮೇಡಂ, ಪಾಸ್‌ಪೋರ್ಟಿಗೆ." ಅವನು ಮುಗುಳ್ನಕ್ಕ. "ಗಾಬರಿ ಬೀಳ್ಬೇಡಿ. ತಾನಾಗಿ ಬಂದು ಒಪ್ಪಿಸೋರಿಗೆ ದಂಡ ಇಲ್ಲ. ನಿಮ್ಮ ಸಂಬಳಕ್ಕೆ ಬರೋ ತೆರಿಗೆ ಅತಿ ಕಮ್ಮಿ. ತೊಂದರೆ ಇರೋದು ಈ ಲಿಫ್ಟಿನ ದುಡ್ಡಿಂದು. ಖಾತೆ ನಿಮ್ಮೊಬ್ಬರ ಹೆಸರಲ್ಲಿದೆ. ಅವರ ಕಣ್ಣಿಗೆ ಅಷ್ಟೂ ನಿಮ್ಮದೇ."

"ನನ್ನದಲ್ಲ ಅದು."

"ಅಲ್ಲ ಅಂತ ಹನ್ನೆರಡು ಮನೆಯೋರೂ ಒಂದು ಹಾಳೇಲಿ ಸಹಿ ಹಾಕಿಕೊಡ್ಬೇಕು, ಯಾಕೆ ಅಂತ ಕಾರಣಾನೂ ಬರೆದು. ನಿಮ್ಮ ಮನೆ ಪಾಲಿಗೆ ನೀವು ಹಾಕೋ ಹಾಗಿಲ್ಲ, ಖಾತೆದಾರರು ನೀವೇ. ಯಜಮಾನ್ರು ಹಾಕ್ಲಿ."

ಅವಳು ಕುರ್ಚಿಯಿಂದ ಎದ್ದು, ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತಳು. "ಪ್ರಜೆ ಅನ್ನೋದನ್ನೇ ಬಿಟ್ಟುಬಿಟ್ರೆ?"

"ಬಿಡೋಕೂ ಮೊದಲು ಲೆಕ್ಕ ಒಪ್ಪಿಸ್ಬೇಕು. ಇಟ್ಕೊಳ್ಳೋಕೂ ಒಪ್ಪಿಸ್ಬೇಕು. ಬಿಟ್ಟರೆ ಮೇಲೊಂದು ಫೀಸು." ಅವನು ಫಾರಂ ಮುಂದಕ್ಕೆ ತಳ್ಳಿದ. "ಇದೊಂದನ್ನ ಮರೀಬೇಡಿ, ಒಂಬತ್ತನೇ ಪ್ರಶ್ನೆ. ಖಾಲಿ ಬಿಟ್ಟರೆ ವಾಪಸು ಕಳಿಸ್ತಾರೆ."

ಒಂಬತ್ತನೆಯ ಪ್ರಶ್ನೆ: ಈ ದೇಶಕ್ಕೆ ಮರಳಿ ಬಂದು ನೆಲೆಸುವ ಉದ್ದೇಶ ನಿಮಗಿದೆಯೇ? ಹೌದು. ಇಲ್ಲ.

ಮೂರು ಸಲ ಅವಳು ಗಂಡನಿಗೆ ಹೇಳಹೊರಟಳು. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ಗಂಟೆಗೆ ಬಂತು ಎಂದು ಬರೆಯುವುದೇ ಅವನ ಕೆಲಸ. ಎಲ್ಲಿ ಸಹಿ ಹಾಕಿದರೂ ಪಕ್ಕದಲ್ಲಿ ಗಂಟೆ ನಿಮಿಷ ಬರೆಯದಿದ್ದರೆ ಅವನಿಗೆ ಸಹಿ ಹಾಕಿದ ಹಾಗೇ ಆಗುತ್ತಿರಲಿಲ್ಲ. ಮದುವೆಯ ನೋಂದಣಿ ಪುಸ್ತಕದಲ್ಲೂ ಸಹಿಯ ಪಕ್ಕ ಹನ್ನೊಂದು ಇಪ್ಪತ್ತು ಎಂದು ಬರೆದು ಎರಡೂ ಕಡೆಯವರನ್ನು ನಗಿಸಿದ್ದ. ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಮಕ್ಕಳಾಗಲಿಲ್ಲ, ಆ ಮಾತನ್ನು ಇಬ್ಬರೂ ಎತ್ತದೆ ಎಷ್ಟೋ ವರ್ಷವಾಗಿತ್ತು. ಮೊದಲ ಸಲ ಹೇಳಹೊರಟಾಗ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎರಡನೆಯ ಸಲ ಪೇಪರು ಓದುತ್ತಿದ್ದ. ಮೂರನೆಯ ಸಲ ಬರಿದೇ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಹೇಳಲು ಅದಕ್ಕಿಂತ ಒಳ್ಳೇ ಹೊತ್ತು ಸಿಗುತ್ತಿರಲಿಲ್ಲ. ಅವಳು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು.

ಭಾನುವಾರ ನಾಲ್ಕು ಗಂಟೆಗೆ ಹೆಂಗಸರನ್ನು ಸೇರಿಸಿದಳು. ಅವನ ಪಾಳಿ ಆರಕ್ಕೆ ಮುಗಿಯುವುದು. ಮೊದಲು ಇವರಿಗೆ ಹೇಳಿ ನಾಲಿಗೆ ಸಡಿಲ ಮಾಡಿಕೊಂಡರೆ ಆಮೇಲೆ ಅವನಿಗೆ ಹೇಳುವುದು ಸುಲಭವಾದೀತು ಎಂದು ಅವಳ ಲೆಕ್ಕ.

ಕಟ್ಟಡದಲ್ಲಿ ಬೇರೆ ಜಾಗವಿರಲಿಲ್ಲ. ಅವರ ಸಭೆ ನಡೆಯುವುದೇ ಮೆಟ್ಟಿಲ ಮೇಲೆ, ಆಯಾ ಅಂತಸ್ತಿನವರು ಆಯಾ ಎತ್ತರದಲ್ಲಿ. ಮೇಲಿನ ಅಜ್ಜಿ ತನ್ನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಂಬಿಯ ಮೇಲಿಂದ ತಲೆ ಇಣುಕಿಸಿದ್ದಳು. ಅವಳು ನಕ್ಕಾಗ ಕಂಡದ್ದು ಇವಳೇ ಕಟ್ಟಿದ ಹಲ್ಲು.

ಹೇಳಬೇಕಾದ್ದನ್ನೆಲ್ಲ ಅವಳು ನಿಂತೇ ಹೇಳಿದಳು.

"ಅಂದ್ರೆ ನೀನು ಇಷ್ಟು ವರ್ಷ ಎರಡು ದೇಶದವಳಾಗಿದ್ಯಾ?" ಎಂದಳು ಎರಡನೇ ಅಂತಸ್ತಿನ ಟೀಚರಮ್ಮ. "ನಾವು ಒಂದನ್ನೇ ನಿಭಾಯಿಸೋಕಾಗದೆ ಒದ್ದಾಡ್ತಿದೀವಿ."

ಕೆಲವರು ನಕ್ಕರು. ಕೆಳಗಿನ ಅಂತಸ್ತಿನ ಟೈಲರಮ್ಮ ನಗಲಿಲ್ಲ. ಬಾಯಲ್ಲಿದ್ದ ಗುಂಡುಸೂಜಿಯನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಅನ್ನ ಹಾಕದ ದೇಶಕ್ಕೆ ಇವಳ್ಯಾಕೆ ಕಟ್ಟಬೇಕು? ಅದು ನ್ಯಾಯಾನಾ?"

"ಪಾಸ್‌ಪೋರ್ಟ್ ಇಟ್ಕೊಂಡಿದ್ದಾಳಲ್ಲ," ಎಂದಳು ಟೀಚರಮ್ಮ. "ನಾಳೆ ಏನಾದ್ರೂ ಆದ್ರೆ ಓಡಿಹೋಗಿ ಅಲ್ಲಿ ನಿಂತ್ಕೋಬಹುದು. ಆ ಧೈರ್ಯ ಪುಕ್ಕಟೆ ಬರುತ್ತಾ?"

"ಓಡಿಹೋದಾಗ ಕಟ್ಲಿ. ಹೋಗದೇ ಇರೋವಾಗ ಯಾಕೆ?"

"ನೀವು ಲಿಫ್ಟ್ ಹತ್ತದೇ ದುಡ್ಡು ಹಾಕಿಲ್ವಾ?"

ಟೈಲರಮ್ಮನ ಮುಖ ಗಂಟಾಯಿತು. ನೆಲಮಟ್ಟದ ಮನೆಯವಳಾದ ತಾನೇಕೆ ಲಿಫ್ಟಿಗೆ ಕೊಡಬೇಕೆಂದು ಅವಳು ಮೊದಲ ವರ್ಷವಿಡೀ ಜಗಳವಾಡಿದ್ದಳು. "ನಾನು ಹಾಕಿದ್ದು ಇವರ ಯಜಮಾನ್ರ ಮಾತಿಗೆ ಕಟ್ಟುಬಿದ್ದು," ಎಂದಳು. "ದಿನಾ ಡಿಪೋಗೆ ಹೋಗೋವಾಗ ನನ್ನ ಬಾಗಿಲಲ್ಲಿ ನಿಂತು, ಖಾಲಿ ಬಸ್ಸೂ ಟೈಮಿಗೆ ಸರಿಯಾಗಿ ಹೊರಡಬೇಕಮ್ಮ, ಹತ್ತೋರು ಎಲ್ಲಿ ಕಾಯ್ತಿರ್ತಾರೋ ಯಾರಿಗೆ ಗೊತ್ತು ಅಂತ ಒಂದೇ ರಾಗ. ತಲೆ ಚಿಟ್ಟು ಹಿಡಿದು ಕೊಟ್ಟೆ."

"ಜಗಳ ಆಮೇಲೆ ಆಡ್ಕೊಳ್ಳಿ," ಎಂದು ಅಜ್ಜಿ ಮೇಲಿನಿಂದ ಕೂಗಿದಳು. "ಹಾಳೆ ಇಲ್ಲಿ ಕಳಿಸ್ರೇ. ನಾನು ಇಳಿಯೋಕೆ ಆಗಲ್ಲ, ಸೈನ್ ಹಾಕೋಕೆ ಆಗುತ್ತೆ."

ಹಾಳೆ ಮೇಲಿನಿಂದ ಕೆಳಕ್ಕೆ ಕೈಯಿಂದ ಕೈಗೆ ಇಳಿಯತೊಡಗಿತು. ಕೊನೆಗೆ ಟೈಲರಮ್ಮ ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕುತ್ತ, "ಹನ್ನೊಂದಾಯ್ತು. ಇನ್ನು ನಿಮ್ಮ ಮನೇದು. ಅಂದ ಹಾಗೆ ಅವರು ಏನಂತಾರೆ ಅಕ್ಕ, ಹೆಂಡತಿ ಪಾಸ್‌ಪೋರ್ಟ್ ಬಚ್ಚಿಟ್ಕೊಂಡಿದ್ದಕ್ಕೆ?" ಎಂದಳು.

"ಯಾರು, ನಾನಾ?"

ಅವನು ಮೊದಲ ಮೆಟ್ಟಿಲ ಬಳಿ ನಿಂತಿದ್ದ. ಎರಡು ಬಸ್ಸು ಕೆಟ್ಟು ಟ್ರಿಪ್ ರದ್ದಾಗಿ ಬೇಗ ಬಿಟ್ಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹೆಂಗಸರು ಸೀರೆ, ಕಾಲು ಸರಿಸಿ ದಾರಿ ಬಿಟ್ಟರು. ಅವನು ಒಬ್ಬೊಬ್ಬರನ್ನೂ ದಾಟುತ್ತ, "ದಾರಿ ಬಿಡಿ ತಾಯಿ, ದಾರಿ," ಎಂದು ದಿನದ ಹಾಗೇ ಹೇಳುತ್ತ ಹತ್ತಿ ಬಂದು, ಅವಳ ಮುಂದೆ ನಿಲ್ಲದೆ ಮನೆಯೊಳಗೆ ಹೋದ.

ಅವಳು ಒಳಗೆ ಬಂದಾಗ ಅವನು ಚಪ್ಪಲಿ ಬಿಚ್ಚದೆ ಕೂತಿದ್ದ.

"ಎಷ್ಟು ಸಲ ಹೊಸದು ಮಾಡಿಸಿದೆ?"

"ಎರಡು."

"ಹೋದ ಸಲ ಯಾವಾಗ?"

ಹೇಳಿದಳು. ಅವನು ಕಣ್ಣು ಮುಚ್ಚಿ ಯೋಚಿಸಿದ. "ಪ್ಲಾಸ್ಟರ್ ಮೂಟೆ ಹೊತ್ಕೊಂಡು ಬಂದೆ. ಏಳೂ ಹತ್ತರ ಬಸ್ಸು. ಮೂವತ್ತೈದು ನಿಮಿಷ ಲೇಟು. ಸ್ಟಾಪಿನಲ್ಲಿ ನಿಂತು ಮೂಟೆ ಇಳಿಸಿಕೊಂಡೋನು ನಾನೇ."

"ಹೂಂ."

"ನಾನೇನು ಕಮ್ಮಿ ಮಾಡಿದೀನಿ ನಿನಗೆ?"

ಅವಳು ಭಯಪಟ್ಟಿದ್ದು ಈ ಪ್ರಶ್ನೆಗೇ. ಅವನು ಏನಾದರೂ ಕಡಿಮೆ ಮಾಡಿದ್ದರೆ ಹೇಳುವುದು ಎಷ್ಟು ಸುಲಭವಿತ್ತು. ಮಧ್ಯಾಹ್ನ ಮೇಣ ಕರಗಿಸುತ್ತ ಕೂತಾಗ, ಯಾರದೋ ಬಾಯಿಯ ಅಳತೆಗೆ ಹಲ್ಲು ಜೋಡಿಸುವಾಗ, ಕಾಲಿಗೆ ಡಬ್ಬ ತಗುಲಿದರೆ ಸಾಕು, ಮೈಯೊಳಗೆ ಏನೋ ಹಗುರವಾಗುತ್ತಿತ್ತು. ಹೋಗುವ ಯೋಚನೆಯಲ್ಲ ಅದು. ಹೋಗಬಹುದಾದರೂ ಇಲ್ಲಿದ್ದೇನೆ ಎಂಬುದಷ್ಟೆ. ಸಂಜೆ ಚಪ್ಪಲಿ ಮೆಟ್ಟಿ ಮನೆಗೆ ಹೊರಡುವಾಗ ಪ್ರತಿ ದಿನವೂ ತಾನೇ ಆರಿಸಿಕೊಂಡು ಹೊರಟಂತೆ ಆಗುತ್ತಿತ್ತು. ಇದನ್ನು ಯಾವ ಮಾತಿನಲ್ಲಿ ಹೇಳುವುದು?

"ನೀವೇನೂ ಮಾಡಿಲ್ಲ," ಎಂದಳು. "ಅಮ್ಮ ಕೊಟ್ಟಿದ್ದು. ನನ್ನದು ಅಂತ ಒಂದಿರಲಿ ಅಂತ."

"ಈ ಮನೆ ನಿನ್ನದಲ್ವಾ?"

"ನಮ್ಮದು."

ಅವನು ಹಾಳೆಯನ್ನೂ ಫಾರಂ ಅನ್ನೂ ಎತ್ತಿಕೊಂಡು ಓದಿದ. ಒಂಬತ್ತನೆಯ ಪ್ರಶ್ನೆಯ ಮೇಲೆ ಅವನ ಬೆರಳು ನಿಂತಿತು. ಬಹಳ ಹೊತ್ತು ನಿಂತಿತು.

"ಅದನ್ನ ವಾಪಸು ಕೊಟ್ಟುಬಿಡ್ತೀನಿ ಅಂತ ಬರಿ. ಫೀಸು ನಾನು ಕಟ್ತೀನಿ. ಸೈನ್ ಈಗಲೇ ಹಾಕ್ತೀನಿ."

ಅವಳು ಕಿಟಕಿಯವರೆಗೆ ಹೋದಳು. ಬಾಗಿಲವರೆಗೆ ಬಂದಳು. ಮೇಲಿನಿಂದ ಅಜ್ಜಿಯ ಕುರ್ಚಿಯನ್ನು ಯಾರೋ ಒಳಗೆಳೆಯುವ ಸದ್ದು ಕೇಳಿಸಿತು. ಕೊಟ್ಟುಬಿಡುತ್ತೇನೆ ಎಂದು ಬರೆದರೆ ಎಲ್ಲ ಮುಗಿಯುತ್ತದೆ: ಲಿಫ್ಟು ಬರುತ್ತದೆ, ಅಜ್ಜಿ ಇಳಿಯುತ್ತಾಳೆ, ಇವನು ಚಪ್ಪಲಿ ಬಿಚ್ಚುತ್ತಾನೆ. 'ಸರಿ' ಎಂಬ ಎರಡು ಅಕ್ಷರದ ಮಾತು. ನಾಲಿಗೆಯ ತುದಿಗೆ ಬಂದದ್ದು ಬೇರೆಯೇ.

"ಹೋಗಲ್ಲ," ಎಂದಳು. "ಆದ್ರೆ ಬಿಡಲ್ಲ."

ಅವನು ಹಾಳೆಯನ್ನು ಮೇಜಿನ ಮೇಲಿಟ್ಟು, ಉಪ್ಪಿನ ಡಬ್ಬವನ್ನು ಅದರ ಮೇಲೆ ಹೇರಿ, ಹೊರಗೆ ಹೋದ.

ಮುಂದಿನ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಕಟ್ಟಡದಲ್ಲಿ ಇತ್ತು. ಅವಳು ಇಳಿಯುವಾಗಲೆಲ್ಲ ಟೈಲರಮ್ಮನ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಟೀಚರಮ್ಮ ಒಂದೇ ಮಾತು ಕೇಳಿದಳು: "ಹಾಕಿದ್ರಾ?" ಅಜ್ಜಿ ಏನೂ ಕೇಳಲಿಲ್ಲ. ಕಟ್ಟಿದ ಹಲ್ಲು ಒತ್ತುತ್ತದೆ ಎಂದು ಮೇಲಕ್ಕೆ ಕರೆಸಿಕೊಂಡಳು. ಇವಳು ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು, ಎಲ್ಲೂ ಒತ್ತುವಂತಿರಲಿಲ್ಲ. "ನನ್ನ ಸಲುವಾಗಿ ಅದನ್ನ ಬಿಟ್ಟುಗಿಟ್ಟೀಯ ಮಗಳೇ," ಎಂದಳು ಅಜ್ಜಿ ಬೋಳು ಬಾಯಲ್ಲಿ. "ಇನ್ನೂ ಒಂದು ವರ್ಷ ಇಲ್ಲೇ ಕೂತಿರ್ತೀನಿ, ಅದಕ್ಕೇನು." ಹೇಳುತ್ತ ಕಿಟಕಿಯಿಂದ ಕೆಳಗಿನ ರಸ್ತೆಯನ್ನು ನೋಡಿದಳು. ಆ ನೋಟ ಇವಳ ಬೆನ್ನಿಗೆ ಬಿದ್ದು ಲ್ಯಾಬಿನವರೆಗೂ ಬಂತು.

ಹದಿನಾಲ್ಕನೆಯ ತಾರೀಖು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಯಜಮಾನರಿಗೆ ಹೇಳಿ ಮನೆಗೆ ಬಂದಳು. ಬಂದು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಡಿಪೋಗೆ ಹೋಗಿ ಬೇಡುವುದೋ, ಹನ್ನೊಂದೇ ಸಹಿ ಹಿಡಿದು ಸಲಹೆಗಾರನ ಕಾಲು ಹಿಡಿಯುವುದೋ.

ಉಪ್ಪಿನ ಡಬ್ಬ ಪಕ್ಕಕ್ಕೆ ಸರಿದಿತ್ತು. ಹಾಳೆಯ ಹನ್ನೆರಡನೆಯ ಸಾಲಿನಲ್ಲಿ ಅವನ ಸಹಿ. ಪಕ್ಕದಲ್ಲಿ ಒಂದು ಹದಿನೈದು.

ಅವಳು ಗಡಿಯಾರ ನೋಡಿದಳು. ಒಂದು ಮೂವತ್ತು. ಇಪ್ಪತ್ತಾರು ವರ್ಷದಲ್ಲಿ ಪಾಳಿಯ ಮಧ್ಯೆ ಡಿಪೋ ಬಿಟ್ಟು ಬಂದವನಲ್ಲ ಅವನು. ಅವಳ ತಾಯಿ ತೀರಿಕೊಂಡ ದಿನವೂ ಬದಲಿಯವನು ಬರುವವರೆಗೆ ಕಾದು ಬಂದಿದ್ದ.

ಹಾಳೆಯನ್ನು ಮಡಚಿಕೊಂಡು ಅವಳು ಮೆಟ್ಟಿಲಿಳಿದಳು, ಟೈಲರಮ್ಮ "ಏನಾಯ್ತಕ್ಕ?" ಎಂದದ್ದಕ್ಕೂ ನಿಲ್ಲದೆ.

ಡಿಪೋದ ಬಾಯಲ್ಲಿ ಅವನ ಗೂಡು. ಒಂದು ಕಿಟಕಿ, ಒಂದು ಗಡಿಯಾರ, ಉದ್ದನೆಯ ಪುಸ್ತಕ. ಅವಳು ಕಿಟಕಿಯ ಹೊರಗೆ ನಿಂತಳು. ಅವನು ತಲೆ ಎತ್ತಲಿಲ್ಲ.

"ಟೈಮ್ ನೋಡಿದ್ಯಾ?"

"ನೋಡಿದೆ."

"ಒಂದು ವರ್ಷ ಟೈಲರಮ್ಮನ ತಲೆ ತಿಂದು ದುಡ್ಡು ಹಾಕಿಸಿದೀನಿ. ಈಗ ನನ್ನ ಒಂದು ಸಹಿಗೆ ಲಿಫ್ಟ್ ನಿಂತ್ರೆ ಆ ಬಾಗಿಲು ದಾಟೋಕೆ ಮುಖ ಇರಲ್ಲ." ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದ. "ಒಂಬತ್ತನೇದಕ್ಕೆ ಏನು ಬರೀತೀಯ?"

"ಇಲ್ಲ ಅಂತ ಟಿಕ್ ಹಾಕ್ತೀನಿ."

"ಅದು ಅವರಿಗೆ. ನನಗೆ?"

ಒಂದು ಬಸ್ಸು ಒಳಗೆ ಬಂತು. ಅವನು ಗಡಿಯಾರ ನೋಡಿ ಬರೆದುಕೊಂಡ. ಡ್ರೈವರ್ ಕೈಯೆತ್ತಿ ಏನೋ ಕೂಗಿದ, ಇವನೂ ಕೈಯೆತ್ತಿದ. ಅಷ್ಟು ಹೊತ್ತು ಅವಳಿಗೆ ಸಿಕ್ಕಿತು.

"ನಿಮಗೂ ಇಲ್ಲಾನೇ. ಇವತ್ತು ಇಲ್ಲ. ನಾಳೇನೂ ಇಲ್ಲ ಅಂತ ಅನ್ಸುತ್ತೆ. ಆದ್ರೆ ದಿನಾ ನಾನೇ ಹೇಳ್ಬೇಕು. ಹೇಳೋಕೆ ನನ್ನ ಕೈಲಿ ಅದಿರ್ಬೇಕು."

ಅವನು ಪುಸ್ತಕದ ಅಂಚನ್ನು ಒರೆಸಿದ. ಅಲ್ಲಿ ಧೂಳಿರಲಿಲ್ಲ.

"ಕಟ್ಟಬೇಕಾದ್ದು ಎಷ್ಟಾಗುತ್ತಂತೆ?"

"ಒಂದು ಪೂರ್ತಿ ಸೆಟ್ಟಿನ ಬೆಲೆ. ಮೇಲಿನದೂ ಕೆಳಗಿನದೂ ಸೇರಿ. ನನ್ನ ಸಂಬಳದಲ್ಲೇ ಕಟ್ತೀನಿ."

"ನಿನ್ನ ಸಂಬಳದಲ್ಲೇ ಕಟ್ಟು. ಅದು ಸರಿ." ಸ್ವಲ್ಪ ತಡೆದು, "ಎಲ್ಲಿಟ್ಟಿದೀಯ ಅದನ್ನ?" ಎಂದ.

"ಲ್ಯಾಬಲ್ಲಿ. ಹಳೇ ಹಲ್ಲಿನ ಡಬ್ಬದಲ್ಲಿ."

"ಮನೇಲಿಡು. ಕರೆಂಟ್ ಬಿಲ್ ಇಡೋ ಖಾನೇಲಿ. ಕದ್ದು ಇಡೋದು ಬೇಡ."

ಅವಳು ತಲೆಯಾಡಿಸಿದಳು. ಅವನು ಆಗ ಮೊದಲ ಸಲ ಮುಖವೆತ್ತಿ ನೋಡಿದ. ಎರಡು ದಿನದ ಗಡ್ಡ ಬೆಳೆದಿತ್ತು.

"ದಿನಾ ಬಂದ ತಕ್ಷಣ ತೆಗೆದು ನೋಡ್ತೀನಿ, ಇದೆಯಾ ಇಲ್ವಾ ಅಂತ. ಅದಕ್ಕೆ ನೀನು ಸಿಟ್ಟಾಗೋ ಹಾಗಿಲ್ಲ."

"ಆಗಲ್ಲ," ಎಂದಳು.

ಸಲಹೆಗಾರ ಎರಡೂ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಮಾಡಿ, ಒಂಬತ್ತನೆಯ ಪ್ರಶ್ನೆಗೆ ಅವಳು ಟಿಕ್ ಹಾಕುವವರೆಗೆ ಕಾದು, ಅಲ್ಲೇ ಕಂಪ್ಯೂಟರಿನಲ್ಲಿ ಎಲ್ಲ ಕಳಿಸಿ ರಸೀದಿ ತೆಗೆದುಕೊಟ್ಟ. ಬ್ಯಾಂಕಿನ ಹೆಂಗಸು ಅದರ ನಕಲು ಇಟ್ಟುಕೊಂಡು ಬೆಳಗಾಗುವಷ್ಟರಲ್ಲಿ ಖಾತೆ ತೆರೆದಿರುತ್ತದೆ ಎಂದಳು. ಲಿಫ್ಟಿನವನಿಗೆ ಟೀಚರಮ್ಮ ಫೋನು ಮಾಡಿದಳು.

ಲ್ಯಾಬಿಗೆ ಮರಳಿ ಅವಳು ಅಷ್ಟು ದಿನ ಹಾಗೇ ಇಟ್ಟಿದ್ದ ಆ ಸೆಟ್ಟಿನ ಕೋರೆಹಲ್ಲನ್ನು ಕಿತ್ತು, ಮೇಣ ಕೆರೆದು, ಸರಿಯಾದ ಕಡೆಯದನ್ನು ಹುಡುಕಿ ಕೂರಿಸಿದಳು. ಈ ಸಲ ಯಜಮಾನರು ಬೆಳಕಿಗೆ ಹಿಡಿದು ಏನೂ ಹೇಳದೆ ಪಕ್ಕಕ್ಕಿಟ್ಟರು. ಎಲ್ಲರೂ ಕೈ ತೊಳೆಯಲು ಹೋದಾಗ ಅವಳು ಬಗ್ಗಿ ಡಬ್ಬ ತೆಗೆದು, ಹಳದಿ ಹಲ್ಲುಗಳೊಳಗೆ ಕೈ ತೂರಿಸಿ, ಬಟ್ಟೆಯ ಗಂಟನ್ನು ಎಳೆದು ಚೀಲಕ್ಕೆ ಹಾಕಿಕೊಂಡಳು. ಡಬ್ಬ ಸ್ವಲ್ಪವೂ ಹಗುರವಾದಂತೆ ಕಾಣಲಿಲ್ಲ.

ಮನೆಗೆ ಹೋಗುವ ಬಸ್ಸು ಖಾಲಿಯಿತ್ತು. ಅವಳು ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಕೈಯಿಂದ ಮುಟ್ಟಿ ನೋಡಿದಳು, ಇತ್ತು. ಇನ್ನು ಸಂಜೆ ಸಂಜೆ ಅವನು ಖಾನೆ ಎಳೆಯುವ ಸದ್ದು ಅಡಿಗೆಮನೆಗೆ ಕೇಳಿಸುತ್ತದೆ. ಕೇಳಿಸುವವರೆಗೆ ಇವಳೂ ಕಾಯುತ್ತಾಳೆ. ಕೂದಲೆಳೆ ಆಚೀಚೆಯಾದರೂ ನಿದ್ದೆ ಬರದವರು ಆ ಮನೆಯಲ್ಲಿ ಇನ್ನು ಮುಂದೆ ಇಬ್ಬರು.

ಇಳಿಯುವ ಸ್ಟಾಪು ಇನ್ನೂ ನಾಲ್ಕಿತ್ತು. ಅವಳು ಎದ್ದು ಬಾಗಿಲ ಬಳಿಯ ಕಂಬಿ ಹಿಡಿದು ನಿಂತಳು.